ಎರಡನೆಯ ರೆಕಾರ್ಡಿನ ಮೂರನೆಯ ಹಾಡಿಗೆ ಮುಂಚೆ

ಬೀದಿಯವರಿಗೆಲ್ಲ ಅವಳು ಪರದೆಯಕ್ಕ. ಆಸ್ಪತ್ರೆಯ ವಾರ್ಡಿನಲ್ಲಿ ಒಂದು ಮಂಚಕ್ಕೂ ಇನ್ನೊಂದಕ್ಕೂ ನಡುವೆ ಇಳಿಬಿಡುವ ಹಸಿರು ಪರದೆ, ರೋಗಿಗಳಿಗೆ ತೊಡಿಸುವ, ಬೆನ್ನಿನ ಕಡೆ ದಾರ ಕಟ್ಟುವ ನಿಲುವಂಗಿ, ಇವೆರಡನ್ನೇ ನಲವತ್ತು ವರ್ಷ ಹೊಲಿದವಳು. ಯಾರಾದರೂ ಮಗಳಿಗೊಂದು ಫ್ರಾಕು ಹೊಲಿದುಕೊಡು ಅಂತ ಬಂದರೆ, "ನಂಗೆ ಮಲಗಿರೋರ ಅಳತೆ ಮಾತ್ರ ಗೊತ್ತು ಕಣಮ್ಮ, ಓಡಾಡೋರದ್ದು ಬರೋದಿಲ್ಲ" ಎಂದು ನಗಿಸಿ ಕಳಿಸುತ್ತಿದ್ದಳು. ಅರವತ್ತಾರು ದಾಟಿದರೂ ಸೂಜಿಗೆ ದಾರ ಪೋಣಿಸಲು ಕನ್ನಡಕ ಹುಡುಕುತ್ತಿರಲಿಲ್ಲ.

ಒಂದು ಮಂಗಳವಾರ ಮಧ್ಯಾಹ್ನ ಅವಳ ಮಹಡಿ ಮನೆಯ ಮೆಟ್ಟಿಲು ಹತ್ತಿ ಒಬ್ಬ ಗಂಡಸು ಬಂದ. ಐವತ್ತರ ಮೇಲಿನ ಪ್ರಾಯ, ನುಣ್ಣನೆಯ ತಲೆ, ಡ್ರೈವಿಂಗ್ ಶಾಲೆಯ ಹೆಸರು ಬರೆದ ಅಂಗಿ. ಎಡಗಿವಿಗೆ ಕೇಳಿಸುವ ಯಂತ್ರ ಹಾಕಿಕೊಂಡಿದ್ದ. ಬಾಗಿಲಲ್ಲೇ ನಿಂತು ಬಲಗಿವಿಯನ್ನು ಇತ್ತ ತಿರುಗಿಸಿಕೊಂಡು, "ಅಕ್ಕ, ಗುರುತು ಸಿಕ್ತಾ?" ಎಂದ.

"ಇಲ್ಲಪ್ಪ. ಆಸ್ಪತ್ರೆಯಿಂದ ಬಂದ್ರಾ? ಹದಿನೆಂಟು ಪರದೆ ಆಗಿದೆ, ಇನ್ನು ಆರು ಬಾಕಿ."

"ಆಸ್ಪತ್ರೆಯೋನಲ್ಲ ಅಕ್ಕ. ಕೆಳಗಡೆ ಗೋದಾಮು. ನಾವು ನಾಲ್ಕು ಜನ ಇದ್ವಲ್ಲ. ಉದ್ದ ಕೂದಲಿನೋನು ನಾನು."

ಪರದೆಯಕ್ಕ ಹೊಲಿಗೆ ಯಂತ್ರದ ಚಕ್ರವನ್ನು ಅಂಗೈಯಲ್ಲಿ ಒತ್ತಿ ನಿಲ್ಲಿಸಿದಳು. ಮೂವತ್ತೆರಡು ವರ್ಷದಿಂದ ಯಾರ ಮುಖ ಕಂಡರೆ ಹೀಗೆನ್ನಬೇಕು ಹಾಗೆನ್ನಬೇಕು ಎಂದು ಮನಸ್ಸಿನಲ್ಲೇ ಪೋಣಿಸಿಟ್ಟುಕೊಂಡಿದ್ದಳೋ, ಆ ಮುಖ ಬಾಗಿಲಿಗೆ ಬಂದು ನಿಂತಿತ್ತು. ಈಗ ನೋಡಿದರೆ ಬಾಯಿಗೆ ಬಂದದ್ದು ಒಂದೇ ಮಾತು. "ಕೂದಲು ಎಲ್ಲೋಯ್ತೋ?"

ಅವನು ನಕ್ಕ. ಅವಳು ನಗಲಿಲ್ಲ.

ಆಗ ಅವಳಿಗೆ ಮೂವತ್ನಾಲ್ಕು. ಗಂಡ ಗಾಜಿನ ಅಂಗಡಿಯಲ್ಲಿ ಗಾಜು ಕತ್ತರಿಸುವವನು. ಬೆಳಗ್ಗೆ ಏಳಕ್ಕೆ ಹೋದರೆ ಮಧ್ಯಾಹ್ನ ಎರಡಕ್ಕೆ ಮನೆ. ಮಾತು ಕಡಿಮೆ, ಕೈ ಮಾತ್ರ ಅಪ್ಪಟ. ಕಿಟಕಿಯ ಅಳತೆಯನ್ನು ಒಂದು ಸಲ ಕಣ್ಣಲ್ಲಿ ನೋಡಿ ಬಂದರೆ ಸಾಕು, ಗಾಜು ಚೌಕಟ್ಟಿಗೆ ಸರಿಯಾಗಿ ಕೂರುವಂತೆ ಕತ್ತರಿಸಿ ತರುತ್ತಿದ್ದ. ಆರು ವರ್ಷದ ಮಗಳು. ಎರಡು ಕೋಣೆಯ ಮನೆ, ಕೆಳಗೆ ಮೊದಲು ಕಾಗದದ ಗೋದಾಮು ಇದ್ದ ಖಾಲಿ ಜಾಗ.

ಆ ಜಾಗವನ್ನು ನಾಲ್ಕು ಜನ ಹುಡುಗರು ಹಿಡಿದರು. ಎರಡು ಗಿಟಾರು, ಒಂದು ಡ್ರಮ್ಮು, ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳು. ಮಧ್ಯಾಹ್ನ ಎರಡಕ್ಕೆ ಶಟರ್ ಎಳೆದುಕೊಂಡರೆ ಸಂಜೆ ಆರರ ತನಕ ಒಂದೇ ಸಮ. ಹಾಡು ಅನ್ನಲು ಅದರಲ್ಲಿ ಹಾಡೇ ಇರಲಿಲ್ಲ. ತಗಡಿನ ಮಾಡಿನ ಮೇಲೆ ಲಾರಿಗಟ್ಟಲೆ ಜಲ್ಲಿ ಸುರಿದ ಹಾಗೆ, ಆ ಜಲ್ಲಿಯ ಕೆಳಗೆ ಯಾರೋ ಸಿಕ್ಕಿಹಾಕಿಕೊಂಡು ಅರಚಿದ ಹಾಗೆ. ಗೂಡಿನಲ್ಲಿದ್ದ ಲೋಟಗಳು ಅಂಚಿಗೆ ನಡೆದು ಬರುತ್ತಿದ್ದವು. ಯಂತ್ರದ ಸೂಜಿ ಹೊಲಿಗೆ ಹಾರಿಸುತ್ತಿತ್ತು. ಹುಡುಗರ ಬ್ಯಾಂಡಿಗೆ ಒಂದು ಹೆಸರೂ ಇತ್ತಂತೆ. ಅವಳು ಅದನ್ನು ಬಾಯಿಬಿಟ್ಟು ಹೇಳಿದ್ದು ಪೊಲೀಸ್ ಠಾಣೆಯಲ್ಲಿ ಒಂದೇ ಸಲ.

ಅವರು ಬಂದ ತಿಂಗಳಲ್ಲೇ ಗಂಡನಿಗೆ ತಲೆನೋವು ಶುರುವಾಯಿತು. ಮೊದಲು ಸಂಜೆ ಹೊತ್ತು, ಆಮೇಲೆ ಎದ್ದ ಕೂಡಲೇ. ಅವಳು ಹಣೆಗೆ ಒದ್ದೆ ಬಟ್ಟೆ ಹಾಕಿ, "ಆ ಹಾಳು ಗದ್ದಲ ಅಲ್ವೇನ್ರೀ?" ಎನ್ನುತ್ತಿದ್ದಳು. ಅವನು "ಹೂಂ" ಎನ್ನುತ್ತಿದ್ದ. ಗಾಜು ಅರ್ಧ ಬೆರಳು ಹೆಚ್ಚುಕಮ್ಮಿ ಕತ್ತರಿಸತೊಡಗಿದ. ಅಂಗಡಿಯ ಯಜಮಾನ ಮನೆತನಕ ಬಂದು, ಏನಮ್ಮ ನಿನ್ನ ಗಂಡನ ಕಣ್ಣು ಎಲ್ಲಿರುತ್ತೆ ಎಂದಾಗ, "ಮಧ್ಯಾಹ್ನ ಒಂದು ಗಳಿಗೆ ಮಲಗೋಕೆ ಬಿಟ್ರೆ ತಾನೇ ಆ ಪಾಪಿಗಳು" ಎಂದು ಅವಳೇ ಉತ್ತರ ಕೊಟ್ಟಳು. ಗಂಡ ಪಕ್ಕದಲ್ಲಿ ತುಟಿಪಿಟಿಕ್ಕೆನ್ನದೆ ನಿಂತಿದ್ದ. ವಾರಕ್ಕೆ ಮೂರು ದಿನ ಮಧ್ಯಾಹ್ನ ಅವಳು ಬಟ್ಟೆಯ ಗಂಟು ಹೊತ್ತುಕೊಂಡು ಆಸ್ಪತ್ರೆಗೆ ಹೋಗುತ್ತಿದ್ದಳು. ಅಲ್ಲಿ ಉಗ್ರಾಣಕ್ಕೆ ಹೋಗುವ ದಾರಿ ತಲೆರೋಗದ ವೈದ್ಯರ ಕೋಣೆಯ ಮುಂದೆಯೇ ಹಾದುಹೋಗುತ್ತಿತ್ತು. ಒಂದು ದಿನವೂ ಒಳಗೆ ತಲೆ ಹಾಕಬೇಕು ಅನ್ನಿಸಲಿಲ್ಲ. ಯಾಕೆ ಅನ್ನಿಸಬೇಕು? ತಲೆನೋವಿನ ಕಾರಣ ಕಾಲ ಕೆಳಗೇ ಗುಡುಗುತ್ತಿತ್ತಲ್ಲ.

ಒಂದು ದಿನ ತಡೆಯಲಾರದೆ, ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಕೆಳಗಿಳಿದು ಶಟರ್ ಬಡಿದು ಒಳಗೆ ನುಗ್ಗಿ, ಹುಡುಗರ ನೀರಿಳಿಸಿ ಬಂದಳು. ಹುಡುಗರು ಅರ್ಧ ಗಂಟೆ ಸುಮ್ಮನಿದ್ದರು, ಮತ್ತೆ ಶುರು. ಮನೆ ಮಾಲೀಕನಿಗೆ ಹೇಳಿದಳು. ಅವನು ಎರಡೂ ಕಡೆಯ ಬಾಡಿಗೆ ತಿನ್ನುವವನು, ನೋಡೋಣ ನೋಡೋಣ ಎಂದ. ಎಂಟು ತಿಂಗಳಾಯಿತು. ಒಂದು ಬೆಳಗ್ಗೆ ಗಂಡ ಹಲ್ಲುಜ್ಜುತ್ತ ವಾಂತಿ ಮಾಡಿಕೊಂಡ. ಅವತ್ತೇ ಅವಳು ಒಂದು ಹಾಳೆಯಲ್ಲಿ ಅರ್ಜಿ ಬರೆದು, ಬಾಡಿಗೆ ಕರಾರು ಗಂಡನ ಹೆಸರಿನಲ್ಲಿ ಇದ್ದದ್ದರಿಂದ ಅವನ ಸಹಿ ಹಾಕಿಸಿ, ಠಾಣೆಗೆ ಕೊಟ್ಟಳು.

ಎರಡು ದಿನದ ಮೇಲೆ ಪೊಲೀಸರು ಬಂದರು. ಅವಳು ಕಿಟಕಿಯಿಂದ ನೋಡುತ್ತಿದ್ದಳು. ವೈರು ಕಿತ್ತರು, ಡ್ರಮ್ಮುಗಳನ್ನು ಅಂಗಳಕ್ಕೆ ಎಸೆದರು, ನಾಲ್ವರನ್ನೂ ಕುತ್ತಿಗೆಪಟ್ಟಿ ಹಿಡಿದು ವ್ಯಾನಿಗೆ ಹತ್ತಿಸಿದರು. ಒಬ್ಬ ಹುಡುಗ ತಲೆಯೆತ್ತಿ ಮೇಲಿನ ಕಿಟಕಿಯತ್ತ ನೋಡಿದ. ಅವಳನ್ನಲ್ಲ, ಅವಳ ಹಿಂದೆ ಯಾರಾದರೂ ಇದ್ದಾರೇನೋ ಎಂಬಂತೆ. ಅವರು ಮತ್ತೆ ಬರಲಿಲ್ಲ.

ಮನೆ ತಣ್ಣಗಾಯಿತು. "ಇನ್ನು ನೆಮ್ಮದಿಯಾಗಿ ಮಲಗ್ರೀ" ಎಂದಳು. ಅವನು ಗೋಡೆಯ ಕಡೆ ತಿರುಗಿ ಮಲಗಿ, ದಿಂಬನ್ನು ಕಿವಿಯ ಮೇಲೆ ಒತ್ತಿ ಹಿಡಿದುಕೊಂಡ. ಅಷ್ಟು ನಿಶ್ಶಬ್ದದಲ್ಲಿ ಅದೇನು ಕೇಳಿಸುತ್ತಿದೆ ಇವರಿಗೆ ಎಂದು ಅವಳಿಗೆ ಸೋಜಿಗವಾಯಿತು. ಆ ದರಿದ್ರ ಸದ್ದು ಇನ್ನೂ ಕಿವಿಯಲ್ಲೇ ಕೂತಿರಬೇಕು ಎಂದುಕೊಂಡು ಯಂತ್ರ ತುಳಿದಳು.

ಹತ್ತೊಂಬತ್ತು ದಿನದ ಮೇಲೆ ಅವನು ಅಂಗಡಿಯಲ್ಲಿ ಬಿದ್ದ. ತಲೆಯೊಳಗೆ ನಿಂಬೆಹಣ್ಣಿನ ಗಾತ್ರದ ಗಡ್ಡೆ.

"ಎಷ್ಟು ದಿನದಿಂದ ತಲೆನೋವು?" ಎಂದು ವೈದ್ಯ ಕೇಳಿದ.

"ಎಂಟು ತಿಂಗಳು."

"ಎಂಟು ತಿಂಗಳು ಏನ್ಮಾಡ್ತಿದ್ರಿ?"

"ಕೆಳಗಡೆ ಗಲಾಟೆ ಇತ್ತು ಡಾಕ್ಟ್ರೇ."

ವೈದ್ಯ ಅವಳ ಮುಖವನ್ನು ನೋಡಿದ ರೀತಿಯನ್ನು ಅವಳು ಯಾರಿಗೂ ಹೇಳಲಿಲ್ಲ. ಹತ್ತು ವಾರ ಗಂಡ ಅವಳು ಹೊಲಿದುಕೊಡುತ್ತಿದ್ದ ಅದೇ ಆಸ್ಪತ್ರೆಯ ವಾರ್ಡಿನಲ್ಲಿದ್ದು ತೀರಿಕೊಂಡ. ಮೊದಲ ದಿನ ಅವನಿಗೆ ತೊಡಿಸಿದ ನಿಲುವಂಗಿಯ ಕುತ್ತಿಗೆಯಂಚು ತಿರುಗಿಸಿ ನೋಡಿದಳು. ತನ್ನದೇ ಹೊಲಿಗೆ. ಕೊನೆಯ ವಾರಗಳಲ್ಲಿ ಅವನಿಗೆ ಮಾತು ನಿಂತಿತ್ತು.

ಆಮೇಲಿನ ಮೂವತ್ತೆರಡು ವರ್ಷ ಅವಳನ್ನು ಎತ್ತಿ ನಿಲ್ಲಿಸಿದ್ದು ಎರಡು. ಒಂದು ಹೊಲಿಗೆ, ಇನ್ನೊಂದು ಆ ನಾಲ್ವರ ಮೇಲಿನ ಸಿಟ್ಟು. ಗದ್ದಲದಿಂದ ಗಡ್ಡೆ ಬರುವುದಿಲ್ಲ ಎಂದು ವೈದ್ಯ ಬಿಡಿಸಿ ಹೇಳಿದ್ದ. ತಲೆಗೆ ಹೋಗಿತ್ತು, ಹೊಟ್ಟೆಗೆ ಇಳಿದಿರಲಿಲ್ಲ. ಇಳಿಯಲು ಬಿಟ್ಟರೆ ಆ ಸಿಟ್ಟು ತಿರುಗಿ ಯಾರ ಮೇಲೆ ಬಂದು ಕೂರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ಇಂಥವಳ ಎದುರಿಗೆ ಈಗ ಆ ಡ್ರೈವಿಂಗ್ ಮೇಷ್ಟ್ರು ಕುರ್ಚಿಯ ತುದಿಯಲ್ಲಿ ಕೂತಿದ್ದ.

ಅವನು ಹೇಳಿದ್ದು ಇಷ್ಟು. ಗೋದಾಮಿನಲ್ಲಿ ಬಾರಿಸಿದ್ದನ್ನು ಅವರು ಆ ದಿನಗಳಲ್ಲೇ ಒಂದು ಎಲ್‌ಪಿ ರೆಕಾರ್ಡು ಮಾಡಿಸಿದ್ದರು. ಮುನ್ನೂರು ಪ್ರತಿ. ಅದು ಅಚ್ಚಾಗಿ ಬರುವಷ್ಟರಲ್ಲಿ ಬ್ಯಾಂಡೇ ಇರಲಿಲ್ಲ. ಮೊದಲನೆಯದೂ ಅದೇ, ಕೊನೆಯದೂ ಅದೇ. ಮಾರಾಟವಾಗದ ಇನ್ನೂರಕ್ಕೂ ಹೆಚ್ಚು ಪ್ರತಿ ಅವನ ತಾಯಿಯ ಮಂಚದಡಿ ಧೂಳು ತಿಂದವು. ಆದರೆ ಹೊರಗೆ ಹೋದ ಕೆಲವು ಕೈಯಿಂದ ಕೈಗೆ ದಾಟಿ, ಎಲ್ಲೆಲ್ಲಿಯೋ ಹುಡುಗರು ಅದನ್ನು ತಲೆ ಮೇಲೆ ಹೊತ್ತುಕೊಂಡಿದ್ದರು. ಈಗೊಂದು ಕಂಪನಿ ಅದನ್ನು ಮತ್ತೆ ತರುತ್ತಿದೆ. ಒಂದರ ಬದಲು ಎರಡು ರೆಕಾರ್ಡು, ದಪ್ಪ ರಟ್ಟಿನ ಹೊದಿಕೆ, ಒಳಗೊಂದು ಫೋಟೋ ಪುಸ್ತಕ. ಎರಡನೆಯದರಲ್ಲಿ ಗೋದಾಮಿನ ಅಭ್ಯಾಸದ ಕ್ಯಾಸೆಟ್ಟುಗಳಿಂದ ಆರಿಸಿದ್ದು.

"ಒಳ್ಳೇದಾಯ್ತು. ನನ್ನ ಹತ್ರ ಯಾಕೆ ಬಂದೆ?"

ಅವನು ತಲೆ ಕೆರೆದುಕೊಂಡ. "ನೀವು ಬೈದಿದ್ದು ಅದರಲ್ಲಿದೆ ಅಕ್ಕ. ಹಳೇ ರೆಕಾರ್ಡಲ್ಲೇ, ಕೊನೇ ಹಾಡು ಮುಗಿದ ಮೇಲೆ. ನಮ್ಮಲ್ಲೊಬ್ಬ ಯಾವಾಗ್ಲೂ ಕ್ಯಾಸೆಟ್ ಓಡಿಸ್ತಾನೇ ಇರ್ತಿದ್ದ."

"ನಾನು ಬೈದಿದ್ದಾ?"

"'ತಗಡಿನ ಡಬ್ಬಕ್ಕೆ ಕಲ್ಲು ಹಾಕಿ ಕತ್ತೆ ಬಾಲಕ್ಕೆ ಕಟ್ಟಿದ್ರೂ ಇದಕ್ಕಿಂತ ಚೆಂದ ಕೇಳುತ್ತೆ ಕಣ್ರೋ' ಅಂದಿದ್ರಿ. ಜನಕ್ಕೆ ಅದು ಬಾಯಿಪಾಠ. ಹಾಡು ಮರೆತರೂ ಅದನ್ನ ಮರೆಯಲ್ಲ."

ಮೂವತ್ತೆರಡು ವರ್ಷ ಪರದೆಯಕ್ಕ ಯಾರನ್ನು ಶಪಿಸಿದಳೋ, ಅವರ ರೆಕಾರ್ಡು ತಟ್ಟೆಯೊಳಗೆ ಅವಳೇ ತಿರುಗುತ್ತಿದ್ದಳು! ಅವನು ಚೀಲದಿಂದ ಎರಡು ಕಾಗದ ತೆಗೆದ. ಕಂಪನಿಯ ವಕೀಲ ಬಲು ಬಿಗಿ, ರೆಕಾರ್ಡಿನಲ್ಲಿ ಯಾರ ದನಿ ಇದೆಯೋ ಅವರೆಲ್ಲರ ಒಪ್ಪಿಗೆ ಬೇಕಂತೆ.

"ಎರಡು ಯಾಕೆ?"

"ಒಂದು ನಿಮಗೆ. ಇನ್ನೊಂದು ಅಣ್ಣಂದು."

"ಯಾವ ಅಣ್ಣ?"

"ನಿಮ್ಮ ಯಜಮಾನ್ರು" ಎಂದ ಅವನು, ನೆಲ ನೋಡುತ್ತ. "ಎರಡನೇ ರೆಕಾರ್ಡಲ್ಲಿ, ಮೂರನೇ ಹಾಡಿಗೆ ಮುಂಚೆ, ಅವರು ಮಾತಾಡಿದ್ದಿದೆ. ಹಾಕಬೇಕೋ ಬೇಡವೋ ನೀವು ಕೇಳಿ ಹೇಳಬೇಕು. ಅದಕ್ಕೇ ಬಂದೆ."

ಗಂಡ ಕೆಳಗೆ ಹೋಗಿದ್ದ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಮೇಷ್ಟ್ರು ಚಿಕ್ಕದೊಂದು ಟೇಪ್ ರೆಕಾರ್ಡರನ್ನು ಹೊಲಿಗೆ ಮೇಜಿನ ಮೇಲೆ, ಕತ್ತರಿಸಿಟ್ಟ ಹಸಿರು ಬಟ್ಟೆಯ ಪಕ್ಕ ಇಟ್ಟು ಗುಂಡಿ ಒತ್ತಿದ.

ಮೊದಲು ಗಿಟಾರು ಕಿರುಚಿ ನಿಂತ ಸದ್ದು. ಆಮೇಲೆ ಗಂಡನ ದನಿ. ಸ್ವಲ್ಪ ದೂರದಿಂದ, ಯಾವುದೋ ಪೆಟ್ಟಿಗೆಯ ಮೇಲೆ ಕೂತು ಮಾತಾಡಿದ ಹಾಗೆ.

"ನಿಲ್ಲಿಸಬೇಡ್ರಪ್ಪ. ನೀವು ನಿಲ್ಲಿಸಿದ್ರೆ ಒಳಗಡೇದು ಶುರುವಾಗುತ್ತೆ."

"ಒಳಗಡೇದು ಅಂದ್ರೇನಣ್ಣ?" ಎಂದಿತು ಒಂದು ಎಳೆ ಗಂಟಲು.

"ಇಲ್ಲಿ. ಗಾಜಿನ ಮೇಲೆ ಮೊಳೆ ಎಳೆದ್ರೆ ಹೆಂಗಿರುತ್ತೆ, ಹಂಗೆ. ಬಿಡುವೇ ಇಲ್ಲ. ನಿಮ್ಮ ಈ ಗಲಾಟೆ ಇದೆಯಲ್ಲ, ಅದು ಇದನ್ನ ಮುಚ್ಚಿಹಾಕುತ್ತೆ. ಇಲ್ಲಿ ಕೂತಿರೋಷ್ಟು ಹೊತ್ತು ಆರಾಮು." ಪೆಟ್ಟಿಗೆ ಕಿರುಗುಟ್ಟಿದ ಸದ್ದು. "ಈಗೀಗ ಒಂದೊಂದು ಎರಡೆರಡಾಗಿ ಕಾಣುತ್ತೆ. ಗಾಜಿನ ಅಂಚು ಯಾವುದು ಅಂತಾನೇ ತಿಳಿಯಲ್ಲ."

"ಡಾಕ್ಟ್ರಿಗೆ ತೋರಿಸೋದಲ್ವಾ ಅಣ್ಣ?"

"ತೋರಿಸ್ತೀನಿ ತೋರಿಸ್ತೀನಿ. ಮನೇಲಿ ಹೇಳಿಲ್ಲ. ಅವಳು ಹೆದರ್ತಾಳೆ. ಪಾಪ, ನಿಮ್ಮಿಂದಾನೇ ಅಂದ್ಕೊಂಡಿದಾಳೆ, ಅಂದ್ಕೊಳ್ಳಲಿ ಬಿಡಿ. ನೀವೂ ಹೇಳಬೇಡಿ ಆಯ್ತಾ? ಹೂಂ, ಬಾರಿಸಿ, ಬಾರಿಸಿ."

ಹಾಡು ಸ್ಫೋಟವಾಗಿ ಶುರುವಾಯಿತು. ಮೇಷ್ಟ್ರು ಗುಂಡಿ ಒತ್ತಿ ನಿಲ್ಲಿಸಿದ.

"ಇನ್ನೊಂದ್ಸಲ" ಎಂದಳು. ಇನ್ನೊಂದು ಸಲ ಕೇಳಿದಳು.

"ಎಷ್ಟು ಸಲ ಬಂದಿದ್ರು?"

"ವಾರಕ್ಕೆ ಎರಡು ಮೂರು ಸಲ. ನೀವು ಗಂಟು ತಗೊಂಡು ಆ ತಿರುವು ದಾಟೋದನ್ನ ನೋಡ್ಕೊಂಡು ಇಳಿದು ಬರ್ತಿದ್ರು."

"ಎಷ್ಟು ತಿಂಗಳು?"

"ನಾಲ್ಕು, ಐದು."

ಅವಳು ಎದ್ದು ನಿಂತಳು. "ಐದು ತಿಂಗಳು! ಐದು ತಿಂಗಳು ಅವರಿಗೆ ಎರಡೆರಡು ಕಾಣ್ತಿತ್ತು ಅಂತ ನಿಮಗೆ ಗೊತ್ತಿತ್ತು. ನಾನು ಮೇಲೆ ಕೂತು ಹಣೆಗೆ ಬಟ್ಟೆ ಹಾಕ್ತಿದ್ದೆ. ನಾಲ್ಕು ಜನ ಇದ್ರಿ, ಒಬ್ಬನಿಗಾದ್ರೂ ಮೆಟ್ಟಿಲು ಹತ್ತಿ ಬಂದು ಒಂದು ಮಾತು ಹೇಳೋಕೆ ಆಗ್ಲಿಲ್ವೇನೋ?"

"ಹೇಳಬೇಡಿ ಅಂದಿದ್ರು ಅಕ್ಕ. ನಮಗೆ ಇಪ್ಪತ್ತು ಇಪ್ಪತ್ತೊಂದು ವರ್ಷ. ದೊಡ್ಡೋರು ಹೇಳಿದ್ದನ್ನ... ನೆಪ ಹೇಳಲ್ಲ. ಹೇಳಬೇಕಿತ್ತು."

"ಪೊಲೀಸರು ಬಂದ ಮೇಲಾದ್ರೂ? ಆಗಲೂ ಇನ್ನೂ ಹತ್ತೊಂಬತ್ತು ದಿನ ಇತ್ತು."

ಅವನು ಕಿವಿಯ ಯಂತ್ರವನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡ. ಇಂಥ ಹೊತ್ತಿನಲ್ಲಿ ಯಾಕೆ ತೆಗೆದನೋ ಅವನಿಗೇ ತಿಳಿಯದು. ಮತ್ತೆ ಹಾಕಿಕೊಂಡು ಹೇಳಿದ. "ಠಾಣೆಯಲ್ಲಿ ಅರ್ಜಿ ತೋರಿಸಿದ್ರು ಅಕ್ಕ. ಕೆಳಗಡೆ ಅಣ್ಣನ ಸಹಿ. ಹಿಂದಿನ ದಿನ ತಾನೇ ಬಂದು ಕೂತು ಕೇಳಿದ್ರು, ನಮ್ಮ ಡ್ರಮ್ಮಿನವನ ಬೆನ್ನು ತಟ್ಟಿ ಹೋಗಿದ್ರು. ಹಿಂಗೆ ಕುತ್ತಿಗೆ ಕೊಯ್ದರಲ್ಲ ಅನ್ನಿಸ್ತು. ಇನ್ನು ಸತ್ತರೂ ಆ ಬೀದಿಗೆ ಕಾಲಿಡಲ್ಲ ಅಂತ ಅಂದ್ಕೊಂಡ್ವಿ. ಅವರು ತೀರಿಕೊಂಡಿದ್ದು ನಂಗೆ ಗೊತ್ತಾಗಿದ್ದೇ ಮೂರು ವರ್ಷ ಆದಮೇಲೆ."

"ಅದು..." ಎಂದು ಅವಳು ನಿಂತಲ್ಲೇ ಗೋಡೆ ಹಿಡಿದುಕೊಂಡಳು. "ಅವರು ಅದನ್ನ ಓದಲೇ ಇಲ್ಲ ಕಣೋ. ಬಾಡಿಗೆ ಕಾಗದ ಅಂತ ಹೇಳಿದ್ದೆ ನಾನು. ಪೊಲೀಸ್ ಅಂದ್ರೆ ಬೇಡ ಅಂತಾರೆ, ಮೆತ್ತಗಿನ ಮನುಷ್ಯ ಅಂತ. ಪೆನ್ನು ಕೊಟ್ರೆ ಗೆರೆ ಎಲ್ಲಿದೆ ಅಂತ ತಡಕಾಡಿದ್ರು. ನಾನೇ ಮಣಿಕಟ್ಟು ಹಿಡಿದು ಗೆರೆ ಮೇಲೆ ಇಟ್ಟೆ."

ಮೂವತ್ತೆರಡು ವರ್ಷ ಒಬ್ಬ ಸತ್ತವನ ಮೇಲೆ ಹೊತ್ತುಕೊಂಡಿದ್ದ ಮುನಿಸು ಇಳಿದದ್ದಕ್ಕೆ ಅವನು ಹಗುರಾಗಬೇಕಿತ್ತೇನೋ. ಅವನ ಮುಖ ಇನ್ನೂ ಕಪ್ಪಿಟ್ಟಿತು.

"ಕಿವಿಗೇನಾಯ್ತು?" ಎಂದು ಕೇಳಿದಳು, ಕೂತ ಮೇಲೆ. "ನಿಮ್ಮ ಗದ್ದಲದಿಂದಾನಾ?"

"ಹೂಂ" ಎಂದ. ಆಮೇಲೆ ತಲೆಯಾಡಿಸಿ, "ಇಲ್ಲಕ್ಕ, ಸುಳ್ಳು ಯಾಕೆ. ಠಾಣೆಯಲ್ಲಿ ಒಬ್ಬ ಕಪಾಳಕ್ಕೆ ಕೊಟ್ಟ. ಕಿವಿಯ ತಮಟೆ ಹರೀತು. ಆಮೇಲೆ ಕೀವಾಯ್ತು. ಈಗ ಬಲಗಡೇದೂ ಮಂಕಾಗ್ತಿದೆ. ಹಳೇ ಕ್ಯಾಸೆಟ್ಟು ಆರಿಸೋವಾಗ ಎಷ್ಟೋ ಕಡೆ ನಂಗೆ ಕೇಳಿಸಲೇ ಇಲ್ಲ, ಕಂಪನಿ ಹುಡುಗಿ ಕೇಳಿ ಕೇಳಿ ಹೇಳಿದ್ಲು. ಅಣ್ಣನ ಮಾತು ಇದೆ ಅಂತ ಪತ್ತೆ ಮಾಡಿದ್ದೂ ಅವಳೇ."

ಪರದೆಯಕ್ಕ ಅವನ ಎಡಗಿವಿಯನ್ನು ನೋಡುತ್ತ ಕೂತಳು. ಅರ್ಜಿ ಬರೆದದ್ದು ಇದೇ ಮೇಜಿನ ಮೇಲೆ. ಕ್ಷಮಿಸು ಎಂದು ಅವಳು ಅನ್ನಲಿಲ್ಲ, ಅವನೂ ಅನ್ನಲಿಲ್ಲ. ಅಂದರೆ ಯಾರು ಯಾರಿಗೆ ಎಷ್ಟು ಎಂದು ತೂಗಲು ಕೂರಬೇಕಾಗುತ್ತಿತ್ತು, ಅದಕ್ಕೆ ಇಬ್ಬರಲ್ಲೂ ತ್ರಾಣವಿರಲಿಲ್ಲ. ಅವಳು ಕಾಗದ ಎರಡನ್ನೂ ಎಳೆದುಕೊಂಡು ಒಂದಕ್ಕೆ ಸಹಿ ಹಾಕಿದಳು, ಇನ್ನೊಂದನ್ನು ಮಡಚಿ ಅವನ ಕೈಗಿಟ್ಟಳು.

"ನಂದು ಇರಲಿ. ಬೈದಿದ್ದು ನಾನೇ ತಾನೇ. ಅವರದ್ದು ತೆಗೆದುಬಿಡು. ಹೇಳಬೇಡಿ ಅಂದಿದ್ರಲ್ಲ. ಬದುಕಿದ್ದಾಗ ನೀವು ಅದನ್ನ ನಡೆಸಿಕೊಟ್ರಿ, ಈಗ ಊರಿಗೆಲ್ಲ ಹೇಳೋದು ಬೇಡ."

"ಕ್ಯಾಸೆಟ್ಟು?"

"ಇಲ್ಲೇ ಬಿಟ್ಟು ಹೋಗು."

ಮಗಳು ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ, ಇನ್ನೆರಡು ವರ್ಷಕ್ಕೆ ನಲವತ್ತು. ಮದುವೆ ಮುರಿದ ಮೇಲೆ ತಾಯಿಯ ಜೊತೆಗೇ ಇದ್ದಾಳೆ. ಅವತ್ತು ಸಂಜೆ ಅವಳು ಕೆಲಸದಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ತಾಯಿ ಎಲ್ಲವನ್ನೂ ಹೇಳಿದಳು. ಬಾಡಿಗೆ ಕಾಗದವೆಂದು ಸುಳ್ಳು ಹೇಳಿದ್ದನ್ನೂ, ವೈದ್ಯನಿಗೆ ಕೊಟ್ಟ ಉತ್ತರವನ್ನೂ ಬಿಡಲಿಲ್ಲ. ಮಗಳು ರೇಗುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದಳು. ಮಗಳು ಕೇಳಿದ್ದು ಬೇರೆ.

"ಅಪ್ಪನ ದನಿ ಇದೆಯಾ ಅದರಲ್ಲಿ?"

"ಇದೆ."

"ನಂಗೆ ಒಂಚೂರೂ ನೆನಪಿಲ್ಲಮ್ಮ. ಕೈ ನೆನಪಿದೆ, ಬೆರಳಿನ ಗಾಯ ನೆನಪಿದೆ, ದನಿ ಇಲ್ಲ."

ಟೇಪ್ ರೆಕಾರ್ಡರನ್ನು ಮೇಷ್ಟ್ರು ಬಿಟ್ಟೇ ಹೋಗಿದ್ದ. ಮಗಳು ಅದನ್ನೆತ್ತಿಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ತಾಯಿ ಹೊರಗೆ ಮೆಟ್ಟಿಲ ಮೇಲೆ ಕೂತಳು.

ಏಳು ತಿಂಗಳಾದ ಮೇಲೆ ರೆಕಾರ್ಡು ಬಂತು. ದಪ್ಪ ರಟ್ಟಿನ ಹೊದಿಕೆಯ ಮೇಲೆ ಅದೇ ಗೋದಾಮಿನ ಶಟರು. ಒಳಗಿನ ಪುಸ್ತಕದಲ್ಲಿ, ಎರಡನೆಯ ರೆಕಾರ್ಡಿನ ಮೂರನೆಯ ಹಾಡಿಗೆ ಮುಂಚೆ ಮಾತಾಡಿದವರ ಹೆಸರು ಇರಲಿಲ್ಲ. ಮಾತೂ ಇರಲಿಲ್ಲ. ಹಾಡು ಮಾತ್ರ ದಿಢೀರನೆ ಶುರುವಾಗುತ್ತಿತ್ತು. ಮೇಷ್ಟ್ರು ಒಂದು ಪ್ರತಿಯನ್ನು ಅಂಚೆಯಲ್ಲಿ ಕಳಿಸಿದ, ಅವನೇ ಬರಲಿಲ್ಲ. ಬಿಡುಗಡೆಯ ದಿನ ಬಾರಿಸಲು ಉಳಿದ ಮೂವರು ಒಪ್ಪಿದ್ದರಂತೆ, ಇವನಿಗೆ ಶ್ರುತಿ ಕೇಳಿಸದೆ ಅರ್ಧಕ್ಕೇ ಗಿಟಾರು ಇಳಿಸಿಟ್ಟನಂತೆ. ಇದನ್ನು ಮಗಳು ಯಾವುದೋ ಪತ್ರಿಕೆಯಲ್ಲಿ ಓದಿ ಹೇಳಿದಳು. ಕೆಳಗೀಗ ಪ್ಲಾಸ್ಟಿಕ್ ಕುರ್ಚಿಗಳ ಗೋದಾಮು. ಆಗಾಗ ಹರೆಯದವರು ಬಂದು ಶಟರಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ತಮ್ಮತಮ್ಮಲ್ಲೇ ಕತ್ತೆ ಬಾಲದ ಮಾತು ಹೇಳಿ ಕೇಕೆ ಹಾಕುತ್ತಾರೆ. ಪರದೆಯಕ್ಕ ಆಗ ಕಿಟಕಿ ಹಾಕಿಕೊಳ್ಳುತ್ತಾಳೆ.

ಮಗಳು ಕ್ಯಾಸೆಟ್ಟನ್ನು ಯಾರಿಂದಲೋ ಮೊಬೈಲಿಗೆ ಇಳಿಸಿಕೊಂಡಿದ್ದಾಳೆ. ರಜೆಯ ದಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ, ಹಾಡನ್ನೂ ಸೇರಿಸಿಯೇ ಕೇಳುತ್ತಾಳೆ. ಆ ಹೊತ್ತಿಗೆ ತಾಯಿಗೆ ಹೊರಗೇನಾದರೂ ಕೆಲಸ ಬಂದೇ ಬರುತ್ತದೆ. ಮೂರನೆಯ ಸಲ ಅದನ್ನು ಅವಳು ಕೇಳಿಲ್ಲ.

ಒಂದು ದಿನ ಮಗಳು ಕೈ ಒರೆಸಿಕೊಳ್ಳುತ್ತ ಬಂದು ಕೇಳಿದಳು. "ಅಮ್ಮ, ಅಪ್ಪ ಯಾವಾಗ್ಲೂ ಹಿಂಗೇನಾ ಮಾತಾಡ್ತಿದ್ದಿದ್ದು? ಇಷ್ಟು ಮೆಲ್ಲಗೆ, ಒಂದೊಂದನ್ನೂ ಬಿಡಿಸಿ ಬಿಡಿಸಿ?"

ಪರದೆಯಕ್ಕ ಕೈಯಲ್ಲಿದ್ದ ನಿಲುವಂಗಿಯ ಅಂಚನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

"ಗೊತ್ತಿಲ್ಲ ಕಣೇ. ನನ್ನ ಹತ್ರ ಅಷ್ಟು ಮಾತಾಡಿದ್ದೇ ಇಲ್ಲ."